ರಾಜಕೀಯ ವ್ಯಂಗ್ಯಗೀತೆ: ಲಾವಣಿಯಿಂದ ಅಂತರ್ಜಾಲದವರೆಗೆ

ಅಧಿಕಾರದಲ್ಲಿರುವವರ ನಡೆನುಡಿಯನ್ನು ಹಾಡಿನಲ್ಲಿ ಟೀಕಿಸುವ, ಅಣಕಿಸುವ ರಚನೆಯೇ ರಾಜಕೀಯ ವ್ಯಂಗ್ಯಗೀತೆ. ಕನ್ನಡದಲ್ಲಿ ಇದು ಲಾವಣಿ, ಗೀಗೀ ಪದ, ಅಣಕುಗೀತೆ, ಬೀದಿನಾಟಕದ ಹಾಡು, ಹೋರಾಟದ ಹಾಡುಗಳಾಗಿ ಬೆಳೆದು, 2010ರ ದಶಕದಲ್ಲಿ ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳಿಗೆ ದಾಟಿತು. ಈ ಬೆಳವಣಿಗೆಯನ್ನು ಒಂದು ಸೀಮೆಯಲ್ಲಿ ಹತ್ತಿರದಿಂದ ನೋಡಬಹುದು: 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರ ಮತ್ತು ಅದರ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ತತ್ವಪದ, ತಮಟೆ, ದಲಿತ ಚಳವಳಿ ಮೂರಕ್ಕೂ ನೆಲೆಯಾದ ಸೀಮೆ. ಇಲ್ಲಿ ಕನ್ನಡದ ಜೊತೆಗೆ ತೆಲುಗೂ ಮನೆಮಾತು.

ಮೂಲ

ರಾಜಕೀಯ ಸಂಗತಿಗಳನ್ನು ಹಾಡಾಗಿ ಕಟ್ಟುವ ಪರಂಪರೆ ಉತ್ತರ ಕರ್ನಾಟಕದ ಲಾವಣಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಕೆಲವು ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಬಂಡಾಯ, 1857ರ ಹಲಗಲಿ ಬೇಡರ ದಂಗೆಯ ಲಾವಣಿಗಳ ಜೊತೆಗೆ ಆದಾಯ ತೆರಿಗೆ ಹೇರಿದ್ದನ್ನು ಕುರಿತ ಲಾವಣಿಯೂ ಅದರಲ್ಲಿದೆ. ಭಾರತದಲ್ಲಿ ಆದಾಯ ತೆರಿಗೆ ಮೊದಲು ಬಂದದ್ದು 1860ರಲ್ಲಿ. ಸರ್ಕಾರದ ಒಂದು ಹಣಕಾಸಿನ ನಿರ್ಧಾರವೇ ಜನರ ಹಾಡಿಗೆ ವಸ್ತುವಾಯಿತು ಎಂಬುದಕ್ಕೆ ಇದು ಹಳೆಯ ಸಾಕ್ಷಿ.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಟೀಕೆಯ ದನಿ ಬೇರೆ ದಾರಿಯಲ್ಲಿ ಬಂದಿತು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ವ್ಯಾಪಾರ ಮಾಡಿಕೊಂಡಿದ್ದ ನಾರಾಯಣಪ್ಪನವರು, ಜನರ ಬಾಯಲ್ಲಿ ಕೈವಾರ ತಾತಯ್ಯ, ‘ಅಮರನಾರೇಯಣ’ ಅಂಕಿತದಲ್ಲಿ ತೆಲುಗು ಹಾಗೂ ಕನ್ನಡಗಳಲ್ಲಿ ಕೀರ್ತನೆ, ತತ್ವಪದ ರಚಿಸಿದರು. ಮುಂದೆ ಬರುವ ಕಾಲದ ಕೇಡುಗಳನ್ನು ಹೇಳುವ ಕಾಲಜ್ಞಾನವೂ ಅವರ ಹೆಸರಿನಲ್ಲಿದೆ. ಇದು ನೇರ ರಾಜಕೀಯ ವ್ಯಂಗ್ಯವಲ್ಲ. ಆದರೂ ಡಾಂಭಿಕತೆಯನ್ನು ಎಲ್ಲರೆದುರು ಹಾಡಿ ತೋರಿಸುವ ಧೈರ್ಯವನ್ನು ಈ ಪರಂಪರೆ ಭಜನೆ ಮನೆಗಳಿಗೆ ಕಲಿಸಿತು.

ಸ್ವಾತಂತ್ರ್ಯಪೂರ್ವ ಕಾಲ

ಪ್ರಭಾತಫೇರಿಗಳಲ್ಲೂ ಜಾತ್ರೆಗಳಲ್ಲೂ ಹಾಡು ಸ್ವಾತಂತ್ರ್ಯ ಹೋರಾಟದ ವಾಹಕವಾಯಿತು. ಅಕ್ಷರ ಬಾರದವರಿಗೆ ಪತ್ರಿಕೆ ತಲುಪದ ಕಡೆ ಲಾವಣಿ ತಲುಪುತ್ತಿತ್ತು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ತೆತ್ತರು. ನಂತರದ ಮಿರ್ಜಾ–ಪಟೇಲ್ ಒಪ್ಪಂದದಿಂದ ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜಕ್ಕೆ ಅವಕಾಶ ಸಿಕ್ಕಿತು. ಬಾವುಟ ಹಿಡಿಯುವುದೇ ಅಪರಾಧವಾಗಿದ್ದ ಆ ದಿನಗಳಲ್ಲಿ ಆಳುವವರನ್ನು ಹಾಡಿನಲ್ಲಿ ಟೀಕಿಸುವುದು ಎಷ್ಟು ಅಪಾಯದ ಕೆಲಸವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಇದೇ ಕಾಲದಲ್ಲಿ ಟಿ. ಪಿ. ಕೈಲಾಸಂ (1884–1946) ಅಣಕುಗೀತೆಗೆ ನಗರದ ರೂಪ ಕೊಟ್ಟರು. ಅವರ ‘ಕೋಳೀಕೆ ರಂಗ’ ಒಂದು ಇಂಗ್ಲಿಷ್ ಜನಪ್ರಿಯ ಗೀತೆಯ ಧಾಟಿಯಲ್ಲಿದೆ. ಕೇಳುಗರಿಗೆ ಗೊತ್ತಿರುವ ಮಟ್ಟಿಗೆ ಹೊಸ ಮಾತು ಕೂರಿಸುವುದು ಇದರ ತಂತ್ರ. ಧಾಟಿ ಮೊದಲೇ ಪರಿಚಿತವಾದ್ದರಿಂದ ಕಿವಿಯೆಲ್ಲ ಮಾತಿನ ಕಡೆಗೇ ಇರುತ್ತದೆ. ಇಂದಿನ ಅಂತರ್ಜಾಲದ ಅಣಕುಗೀತೆಗಳೂ ಇದೇ ತಂತ್ರವನ್ನು ಅನುಸರಿಸುತ್ತವೆ.

ಚಳವಳಿಗಳ ಕಾಲ

1970ರ ದಶಕದಲ್ಲಿ ಈ ಪ್ರಕಾರ ಬೀದಿಗೆ ಇಳಿಯಿತು. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಬೀದಿನಾಟಕ, ಜಾಥಾಗಳಲ್ಲಿ ಹಾಡನ್ನು ಬಳಸಿತು. ಅದೇ ವರ್ಷ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ನಲವತ್ತೇಳರ ಸ್ವಾತಂತ್ರ್ಯ ಯಾರ ಪಾಲಾಯಿತೆಂದು ಕೇಳುವ ಅವರ ಹಾಡು ದಲಿತ ಸಂಘರ್ಷ ಸಮಿತಿಯ ಸಭೆಗಳ ಮೂಲಕ ರಾಜ್ಯವೆಲ್ಲ ಹಬ್ಬಿತು. ಅವಿಭಜಿತ ಕೋಲಾರ ಜಿಲ್ಲೆ ಸಮಿತಿಯ ಗಟ್ಟಿ ನೆಲೆಗಳಲ್ಲಿ ಒಂದಾಗಿತ್ತು. ಪಿಚ್ಚಳ್ಳಿ ಶ್ರೀನಿವಾಸ್ ಅವರಂಥ ಗಾಯಕರು ಚಳವಳಿಯ ಹಾಡಿಗೂ ಜನಪದ ಗಾಯನಕ್ಕೂ ಕೊಂಡಿಯಾದರು.

ಈ ಹಾಡುಗಳಿಗೆ ವೇದಿಕೆ, ಮೈಕು ಬೇಕಿರಲಿಲ್ಲ. ಒಂದು ತಮಟೆ ಸಾಕಿತ್ತು. ಸಾವಿನ ಮೆರವಣಿಗೆಯ ವಾದ್ಯವೆಂದು ಕೀಳಾಗಿ ಕಂಡಿದ್ದ ತಮಟೆ ಪ್ರತಿಭಟನೆಯ ವಾದ್ಯವಾದದ್ದು ಚಳವಳಿಯ ದೊಡ್ಡ ಸಾಧನೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ವಾದ್ಯಕ್ಕೂ ಗೌರವ ಸಂದಿತು.

ಅಂತರ್ಜಾಲದ ಕಾಲ

2005ರಲ್ಲಿ ಆರಂಭವಾದ ಯೂಟ್ಯೂಬ್ ಹಳ್ಳಿಗಳ ಕೈಗೆ ನಿಜವಾಗಿ ಸಿಕ್ಕಿದ್ದು 2016ರ ನಂತರ, ಮೊಬೈಲ್ ಡೇಟಾ ಅಗ್ಗವಾದಾಗ. 2019ರ ಲೋಕಸಭಾ ಚುನಾವಣೆಯಲ್ಲಿ, ಸಿನಿಮಾ ಸಮಾರಂಭವೊಂದರಲ್ಲಿ ಎಚ್. ಡಿ. ಕುಮಾರಸ್ವಾಮಿಯವರು ಮಗನನ್ನು ಕರೆದಿದ್ದ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಮಾತು ಡಿಜೆ ಹಾಡಾಗಿ ಮದುವೆ ದಿಬ್ಬಣಗಳಲ್ಲೂ ಕೇಳಿಸಿತು. ಅದೇ ವರ್ಷದ ಉಪಚುನಾವಣೆಯಲ್ಲಿ ಸಿದ್ದರಾಮಯ್ಯನವರ ಭಾಷಣದ ನಡುವೆ ಜನರ ಗುಂಪಿನಿಂದ ಬಂದ ‘ಹೌದು ಹುಲಿಯಾ’ ಉದ್ಗಾರವೂ ಹಾಡಾಯಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದ ಮೇಲೆ ಇಂಥ ತುಣುಕುಗಳು ರೀಲ್ಸ್, ಶಾರ್ಟ್ಸ್‌ಗಳಿಗೆ ಹೋದವು.

ಇವು ಜನಪ್ರಿಯವಾದರೂ ಬಹುಪಾಲು ವ್ಯಕ್ತಿಯನ್ನು ಅಣಕಿಸಿದವೇ ಹೊರತು ನೀತಿಯನ್ನಲ್ಲ. ವಸ್ತುವಿಗೇನೂ ಕೊರತೆಯಿಲ್ಲ. ಬಯಲುಸೀಮೆಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತಕ್ಕೆ ಸಕಲೇಶಪುರದ ಬಳಿ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಹತ್ತು ವರ್ಷದ ಈ ಕಾಯುವಿಕೆ ಹಳೆಯ ಲಾವಣಿಕಾರನ ಕೈಗೆ ಸಿಕ್ಕಿದ್ದರೆ ಇಡೀ ರಾತ್ರಿಯ ಪದವಾಗುತ್ತಿತ್ತು.

ಹೊರಗಿನ ಉದಾಹರಣೆಗಳು ಹಾಗೂ ಕಾನೂನು

ಅಮೆರಿಕದ ರ್‍ಯಾಂಡಿ ರೇನ್‌ಬೋ 2016ರ ಅಧ್ಯಕ್ಷೀಯ ಚುನಾವಣೆಯ ಸುಮಾರಿಗೆ ರಂಗಗೀತೆಗಳ ಅಣಕು ವಿಡಿಯೊಗಳಿಂದ ಪ್ರಸಿದ್ಧರಾದರು. ಭಾರತದಲ್ಲಿ ಇದೇ ಕೆಲಸಕ್ಕೆ ಬೆಲೆ ತೆರಬೇಕಾಗಿದೆ. ಮದ್ಯದಂಗಡಿಗಳ ವಿಚಾರದಲ್ಲಿ ತಮಿಳುನಾಡು ಸರ್ಕಾರವನ್ನು ಟೀಕಿಸಿ ಹಾಡಿದ ಜನಪದ ಗಾಯಕ ಕೋವನ್ ಅವರನ್ನು 2015ರ ಅಕ್ಟೋಬರ್‌ನಲ್ಲಿ ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ಭೋಜಪುರಿ ಗಾಯಕಿ ನೇಹಾ ಸಿಂಗ್ ರಾಠೋಡ್ ಅವರಿಗೆ 2023ರಲ್ಲಿ ಉತ್ತರಪ್ರದೇಶ ಪೊಲೀಸರು ನೋಟಿಸ್ ಕೊಟ್ಟರು. ಆನ್‌ಲೈನ್ ಬರಹ, ಹಾಡುಗಳ ಮೇಲೆ ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತ್ತು. ಕೋವನ್ ಬಂಧನ ಆ ತೀರ್ಪಿನ ನಂತರದ್ದು.

ಮೌಲ್ಯಮಾಪನ

ಅಂತರ್ಜಾಲ ಈ ಪ್ರಕಾರಕ್ಕೆ ವೇಗ, ವ್ಯಾಪ್ತಿ ಎರಡನ್ನೂ ಕೊಟ್ಟಿದೆ. ಆದರೆ ಹೊಣೆಗಾರಿಕೆಯನ್ನು ಕಡಿಮೆ ಮಾಡಿದೆ. ಲಾವಣಿಕಾರ ಕೊನೆಯ ನುಡಿಯಲ್ಲಿ ತನ್ನ ಊರನ್ನೂ ಗುರುವನ್ನೂ ಹೆಸರನ್ನೂ ಹೇಳಿ ಪದ ಮುಗಿಸುತ್ತಿದ್ದನು. ಸವಾಲು ಬಂದರೆ ಜವಾಬು ಕೊಡಲು ಅಲ್ಲೇ ನಿಂತಿರುತ್ತಿದ್ದನು. ಇಂದಿನ ಹೆಚ್ಚಿನ ತುಣುಕುಗಳಿಗೆ ಕರ್ತೃವಿನ ಹೆಸರೇ ಇಲ್ಲ. ಹೆಸರಿಲ್ಲದ ಅಣಕು ಮುಂದಿನ ಚುನಾವಣೆಯ ಹೊತ್ತಿಗೆ ಮರೆತುಹೋಗುತ್ತದೆ. ಹೆಸರು ಹಾಕಿ, ನೀತಿಯನ್ನು ಹಿಡಿದು ಕಟ್ಟಿದ ಹಾಡು ಚರಿತ್ರೆಗೆ ಆಧಾರವಾಗಿ ಉಳಿಯುತ್ತದೆ. ಚಿಕ್ಕಬಳ್ಳಾಪುರ ಸೀಮೆಯ ತಮಟೆ, ತತ್ವಪದ, ಹೋರಾಟದ ಹಾಡುಗಳ ಧ್ವನಿಮುದ್ರಣಗಳನ್ನು ಕರ್ತೃ, ಊರು, ವರ್ಷದ ವಿವರಗಳೊಂದಿಗೆ ಸಂಗ್ರಹಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ತುರ್ತಾಗಿ ಕೈಗೆತ್ತಿಕೊಳ್ಳಬೇಕಾಗಿದೆ.