ಕೊಸರು, ಕೊಸರಾಡು: ಆದವಾನಿ ಸೀಮೆಯ ಒಂದು ಕ್ರಿಯಾಪದ

ಆದವಾನಿಯ ತರಕಾರಿ ಅಂಗಡಿಯಲ್ಲಿ ತಕ್ಕಡಿ ಸಮ ನಿಂತ ಮೇಲೂ ವ್ಯಾಪಾರ ಮುಗಿಯುವುದಿಲ್ಲ. ದರ ಗೊತ್ತಾಗಿದೆ, ಬದನೆಕಾಯಿ ಚೀಲಕ್ಕೆ ಬಿದ್ದಿದೆ. ಕೊಳ್ಳುವವಳು ಮಾತ್ರ ಚೀಲದ ಬಾಯಿ ಮುಚ್ಚದೆ "ಒಂದೀಟು ಕೊಸರು ಹಾಕವ್ವಾ" ಎನ್ನುತ್ತಾಳೆ. ನಾಲ್ಕು ಹಸಿಮೆಣಸಿನಕಾಯಿ ಬೀಳುತ್ತವೆ. ಚೀಲ ಇನ್ನೂ ತೆರೆದೇ ಇರುತ್ತದೆ.

ಕೊಸರಾಡು ಎಂದರೆ ಚೌಕಾಶಿ ಮಾಡು ಎಂದು ಅರ್ಥ ಹೇಳುವುದು ರೂಢಿ. ಬಳಕೆಯನ್ನು ಗಮನಿಸಿದರೆ ಇವೆರಡೂ ಬೇರೆ. ಚೌಕಾಶಿ ನಡೆಯುವುದು ಬೆಲೆಯ ಮೇಲೆ, ಅದು ನಿಲ್ಲುವ ಮೊದಲು. ಕೊಸರು ಕೇಳುವುದು ಅಳತೆಯ ಮೇಲೆ, ಬೆಲೆ ನಿಂತ ನಂತರ.

ಪದಗಳ ಹಿನ್ನೆಲೆಯೂ ಇದನ್ನೇ ಹೇಳುತ್ತದೆ. ಮರಾಠಿಯಲ್ಲಿ ಚೌಕಶಿ ಎಂದರೆ ವಿಚಾರಣೆ. ದರ ವಿಚಾರಿಸುವುದರಿಂದ ದರ ಇಳಿಸುವುದಕ್ಕೆ ನಮ್ಮಲ್ಲಿ ಅರ್ಥ ಜಾರಿದೆ. ಕೊಸರು ಹಾಗಲ್ಲ, ಅದಕ್ಕೆ ಮೈಯಿದೆ. ಹಿಡಿದ ಕೈಯನ್ನು ಮಗು ಕೊಸರಿಕೊಂಡು ಓಡುತ್ತದೆ. ಗುದ್ದಾಡು, ಎಳೆದಾಡುಗಳಂತೆ ಇಲ್ಲಿಯೂ 'ಆಡು' ಸೇರಿ, ಆ ಜಗ್ಗಾಟ ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುತ್ತದೆ. ಮಾರುವವಳ ಮುಷ್ಟಿಯಿಂದ ಇನ್ನೊಂದು ಹಿಡಿ ಬಿಡಿಸಿಕೊಳ್ಳುವುದೂ ಅದೇ ಚಲನೆ ಎಂದು ನಾನು ಭಾವಿಸುತ್ತೇನೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಂತೆಯ ಮಾತಿಗೆ ಆ ಗಡಿ ತಾಗಲಿಲ್ಲ, ಏಕೆಂದರೆ ಕೊಸರು ತೆಲುಗಿನದೂ ಹೌದು. ಅಸಲಿಗಿಂತ ಕೊಸರೇ ಮುದ್ದು ಎಂಬ ಗಾದೆ ಅಲ್ಲಿದೆ. ಬೆಲೆಯ ಮಾತಿಗೆ ತೆಲುಗಿನವರು 'ಬೇರಮಾಡು' ಎನ್ನುತ್ತಾರೆ; ಈ ಬೇರ ನಮ್ಮ ಬೇಹಾರದಂತೆಯೇ ವ್ಯವಹಾರದ ತದ್ಭವ. ನಮ್ಮಲ್ಲಿ ವ್ಯಾಪಾರ ಕುದುರಿದರೆ ಅವರಲ್ಲಿ ಬೇರ 'ಕುದಿರಿಂದಿ'. ಎರಡು ಭಾಷೆಯವರು ಒಂದೇ ತಕ್ಕಡಿಯ ಮುಂದೆ ಕೂತು ಪಡೆದ ಈ ಹೊಂದಿಕೆ ನನಗೆ ತುಂಬ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಆದವಾನಿ ಹತ್ತಿಯ ಪೇಟೆ. ಅಲ್ಲಿ ಹೆಚ್ಚುವರಿ ಹರಿಯುತ್ತಿದ್ದದ್ದು ತಿರುಗುಮುರುಗಾಗಿ: ಕಸ, ತೇವ, ಧರ್ಮ ಎಂದು ರೈತನ ತೂಕದಲ್ಲೇ ಕಳೆಯುತ್ತಿದ್ದರು. ಇಂಥ ಕಡಿತಗಳಿಗೆ ಕಡಿವಾಣ ಹಾಕಲು ಬಂದದ್ದು 1933ರ ಮದರಾಸು ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ. ಹತ್ತಿಯ ಖರೀದಿದಾರ ಹೀಗೆ ಹೆಚ್ಚು ಪಡೆದರೂ ಅದನ್ನು ಕೊಸರು ಎನ್ನುವುದು ಕನ್ನಡಕ್ಕೆ ಒಗ್ಗದು, 'ಮುರಿದುಕೊಂಡ' ಎನ್ನಬೇಕು. ಕೊಸರುವವನು ಇನ್ನೊಬ್ಬರ ಹಿಡಿತದೊಳಗೆ ಇರುವವನು. ಹಿಡಿತ ಯಾರದೋ ಅವನಿಗೆ ಈ ಕ್ರಿಯಾಪದ ಕರ್ತೃವಿನ ಸ್ಥಾನ ಕೊಡುವುದಿಲ್ಲ.