ಖಂಡಸ್ಫುಟಿತ ಜೀರ್ಣೋದ್ಧಾರ: ಆಸ್ಪತ್ರೆಯ ಬಿರುಕಿಗೆ ಹಣ ಕೊಡಬೇಕಾದವರು ಯಾರು?

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯವನ್ನು ಕಂಡವರಿಗೆ, ಅದರ ಹೊರಗೋಡೆಯಲ್ಲಿ ನಿಂತು ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಪರಿಚಯವಿದ್ದೇ ಇರುತ್ತದೆ. ಆಕೆ ಬರೆಯುತ್ತಿರುವುದು ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಪ್ರಶಸ್ತಿಯನ್ನು. ಪ್ರಶಸ್ತಿಗಳನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಆ ಕಾಲದ ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಬಂದರೂ ಯಾರ ಗಮನವನ್ನೂ ಅಷ್ಟಾಗಿ ಸೆಳೆಯದ ಮಾತೊಂದಿದೆ: ಖಂಡಸ್ಫುಟಿತ ಜೀರ್ಣೋದ್ಧಾರ.

ಖಂಡವೆಂದರೆ ಒಡೆದದ್ದು, ಸ್ಫುಟಿತವೆಂದರೆ ಬಿರಿದದ್ದು. ಗುಡಿಗೋ ಮಠಕ್ಕೋ ಭೂಮಿಯನ್ನು ಬಿಡುವಾಗ ಪೂಜೆ, ನೈವೇದ್ಯ, ತಪಸ್ವಿಗಳ ಆಹಾರ, ವಿದ್ಯಾದಾನ ಇವುಗಳ ಜೊತೆಗೆ, ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವ ವೆಚ್ಚವೂ ಆ ಭೂಮಿಯ ಆದಾಯದಿಂದಲೇ ಬರಬೇಕೆಂದು ಬರೆಸುತ್ತಿದ್ದರು. ಎಂದರೆ ಕಟ್ಟಡ ಹೊಸದಾಗಿರುವಾಗಲೇ ಅದು ಹಳೆಯದಾಗುವ ದಿನಕ್ಕೂ ಹಣದ ದಾರಿ ಗೊತ್ತಾಗಿರುತ್ತಿತ್ತು.

ಇದು ದೇವಾಲಯದ ಮಾತಾಯಿತು, ಆಸ್ಪತ್ರೆಗೇನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಬಿಜ್ಜಳನು ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದ, ಕ್ರಿ.ಶ. 1162ರ ಬಳ್ಳಿಗಾವೆಯ ಶಾಸನವೊಂದು ಅಲ್ಲಿನ ಕೋಡಿಯ ಮಠವನ್ನು ವರ್ಣಿಸುತ್ತದೆ. ಅದು ವಿದ್ಯೆಯ ಕೇಂದ್ರ, ದೀನರಿಗೆ ಅನ್ನ ದೊರೆಯುವ ಸ್ಥಳ ಮತ್ತು ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಳ. ನಮ್ಮ ನಾಡಿನ ಸಾರ್ವಜನಿಕ ಚಿಕಿತ್ಸೆಯ ಇತಿಹಾಸ ಇಂಥ ದತ್ತಿಗಳೊಂದಿಗೇ ಬೆಸೆದುಕೊಂಡಿದೆ.

ಇನ್ನು ಹತ್ತಿರದ ಕಾಲಕ್ಕೆ ಬರೋಣ. 1956ರ ನವೆಂಬರ್ 1ರವರೆಗೆ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದ ದೊಡ್ಡ ಸರ್ಕಾರಿ ಆಸ್ಪತ್ರೆ ರಾಜಧಾನಿಯ ಉಸ್ಮಾನಿಯಾ. 1908ರ ಮೂಸಿ ನದಿಯ ಪ್ರವಾಹದಲ್ಲಿ ಹಳೆಯ ಆಸ್ಪತ್ರೆ ನಾಶವಾದ ಮೇಲೆ, ವಾಸ್ತುಶಿಲ್ಪಿ ವಿನ್ಸೆಂಟ್ ಎಶ್ ಅವರ ವಿನ್ಯಾಸದಂತೆ ಕಟ್ಟಿದ ಹೊಸ ಭವನ 1925ರಲ್ಲಿ ಪೂರ್ಣಗೊಂಡಿತು. ಅದು ಗಟ್ಟಿಮುಟ್ಟಾದ ಕಟ್ಟಡ. ಆದರೆ ದಶಕಗಳ ಕಾಲ ತಕ್ಕ ದುರಸ್ತಿಯಿಲ್ಲದೆ ಶಿಥಿಲವಾಯಿತು. 2020ರ ಜುಲೈ ತಿಂಗಳಲ್ಲಿ ಮಳೆನೀರು ವಾರ್ಡುಗಳಿಗೆ ನುಗ್ಗಿ, ರೋಗಿಗಳನ್ನು ಬೇರೆಡೆಗೆ ಸಾಗಿಸಿ ಹಳೆಯ ಭವನವನ್ನು ಮುಚ್ಚಬೇಕಾಯಿತು. 2025ರ ಜನವರಿಯಲ್ಲಿ ಗೋಶಾಮಹಲಿನಲ್ಲಿ ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆ ನಡೆಯಿತು. ಚೆನ್ನಾಗಿ ಕಟ್ಟಿದ್ದೂ ಜೀರ್ಣೋದ್ಧಾರವಿಲ್ಲದೆ ಉಳಿಯದು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಚೆನ್ನಾಗಿ ಕಟ್ಟದೇ ಇದ್ದರೆ? ಅಲ್ಲಿ ಪ್ರಶ್ನೆಯೇ ಬೇರೆ. ಜೀರ್ಣ ಬೇರೆ, ದೋಷ ಬೇರೆ. ಐವತ್ತು ಮಳೆಗಾಲಗಳನ್ನು ಕಂಡ ಛಾವಣಿ ಸೋರಿದರೆ ಅದು ಜೀರ್ಣ. ಎರಡನೆಯ ಮಳೆಗಾಲಕ್ಕೇ ಸೋರಿದರೆ ಅದು ದೋಷ. ನಮ್ಮ ಭಾಗದ ಎರೆಭೂಮಿ ಈ ವಿಷಯದಲ್ಲಿ ಕಠಿಣ ಪರೀಕ್ಷಕ. ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುವ ಈ ಮಣ್ಣಿನ ಮೇಲೆ ಅಡಿಪಾಯ ತಪ್ಪಿದರೆ ಗೋಡೆ ಸೀಳುವುದು ನಿಶ್ಚಿತ. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು, ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಅಡಿಪಾಯವನ್ನು ರೂಪಿಸಿತು. ಆದುದರಿಂದ ಮಣ್ಣು ಕೆಟ್ಟದ್ದೆಂಬುದು ನೆಪವಾಗಬಾರದು.

ದೋಷಕ್ಕೆ ಹಣ ಎಲ್ಲಿಂದ ಬರಬೇಕೆಂಬುದನ್ನು ಕರಾರು ಪತ್ರವೇ ಹೇಳುತ್ತದೆ. ಸರ್ಕಾರಿ ಕಾಮಗಾರಿಗಳಲ್ಲಿ ‘ದೋಷ ಹೊಣೆಗಾರಿಕೆಯ ಅವಧಿ’ ಎಂಬುದಿದೆ. ಆ ಅವಧಿಯಲ್ಲಿ ಕಂಡ ದೋಷವನ್ನು ಗುತ್ತಿಗೆದಾರನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಸರಿಪಡಿಸದಿದ್ದರೆ ಇಲಾಖೆ ಬೇರೆಯವರಿಂದ ಮಾಡಿಸಿ ಅವನಿಂದ ವಸೂಲು ಮಾಡಬಹುದು. ಅದಕ್ಕೆಂದೇ ಭದ್ರತಾ ಠೇವಣಿಯನ್ನು ತಡೆಹಿಡಿಯುವುದು. ಆದರೆ ಅವಧಿ ಮುಗಿಯುವ ಮುನ್ನ ಬಿರುಕನ್ನು ಯಾರೂ ಬರೆದಿಡದಿದ್ದರೆ ಠೇವಣಿ ಹಿಂದಿರುಗುತ್ತದೆ, ಬಿರುಕು ಉಳಿಯುತ್ತದೆ. ಮರುವರ್ಷ ಅದೇ ಬಿರುಕು ‘ದುರಸ್ತಿ’ ಎಂಬ ಹೆಸರಿನಲ್ಲಿ ಸಾರ್ವಜನಿಕ ಅನುದಾನದ ಬಾಗಿಲಿಗೆ ಬರುತ್ತದೆ. ಒಂದೇ ಗೋಡೆಗೆ ಜನ ಎರಡು ಸಲ ಹಣ ತೆತ್ತಂತಾಗುತ್ತದೆ.

ನಮ್ಮ ಭಾಗಕ್ಕೆ ಇದು ಸಣ್ಣ ನಷ್ಟವಲ್ಲ. 1996ರಲ್ಲಿ ಆರಂಭವಾದ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ರಾಜ್ಯದ ಉಳಿದ ವಿಭಾಗಗಳ ತಾಲ್ಲೂಕು ಆಸ್ಪತ್ರೆಗಳು ಮೇಲ್ದರ್ಜೆಗೇರುವಾಗ, ಗುಲ್ಬರ್ಗಾ ವಿಭಾಗಕ್ಕೆ ಜರ್ಮನಿಯ ಕೆ.ಎಫ್.ಡಬ್ಲ್ಯು. ಬ್ಯಾಂಕಿನ ನೆರವನ್ನು ಪಡೆಯಲಾಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ತೋರಿಸಿತು. ದೀರ್ಘ ಹೋರಾಟದ ಫಲವಾಗಿ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. 2019ರಿಂದ ಕಲ್ಯಾಣ ಕರ್ನಾಟಕದ ಹೆಸರು ಹೊತ್ತಿರುವ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಇಷ್ಟು ಕಷ್ಟದಿಂದ ದೊರೆತ ಹಣ ಮತ್ತೊಬ್ಬರ ಕಳಪೆ ಕೆಲಸವನ್ನು ಮುಚ್ಚಲು ಹೋದರೆ, ಬಸವಕಲ್ಯಾಣದ ಹೆರಿಗೆ ವಾರ್ಡಿಗೋ ಹುಮನಾಬಾದಿನ ರಕ್ತನಿಧಿಗೋ ಬಳಕೆಯಾಗಬಹುದಾಗಿದ್ದ ಹಣ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹಾಗೆಂದು ಹೊಣೆ ನಿರ್ಧಾರವಾಗುವವರೆಗೆ ದುರಸ್ತಿಯೇ ಬೇಡವೆನ್ನುವುದು ಸಲ್ಲದು. ಸೋರುವ ಛಾವಣಿಯ ಕೆಳಗೆ ಮಲಗಿದ ಬಾಣಂತಿ ನ್ಯಾಯಾಲಯದ ತೀರ್ಪಿಗೆ ಕಾಯಲಾರಳು. ಮೊದಲು ದುರಸ್ತಿಯಾಗಲಿ, ಆದರೆ ಅದಕ್ಕೂ ಮುನ್ನ ಬಿರುಕಿನ ಛಾಯಾಚಿತ್ರ, ಅಳತೆ, ದಿನಾಂಕ ದಾಖಲಾಗಲಿ. ಕಾಮಗಾರಿ ಮುಗಿದ ದಿನ, ಹೊಣೆಗಾರಿಕೆ ಮುಗಿಯುವ ದಿನ, ಗುತ್ತಿಗೆದಾರ ಮತ್ತು ಎಂಜಿನಿಯರರ ಹೆಸರು ಇವು ಆಸ್ಪತ್ರೆಯ ಬಾಗಿಲಲ್ಲೇ ಜನರಿಗೆ ಕಾಣುವಂತಿರಲಿ. ಉದ್ಘಾಟಕರ ಹೆಸರಿಗೆ ಅಮೃತಶಿಲೆಯ ಫಲಕವಿರುವಾಗ ಇದಕ್ಕೊಂದು ತಗಡಿನ ಫಲಕ ಹೆಚ್ಚಿನದೇನಲ್ಲ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಂಜಿನಿಯರರಿದ್ದೀರಿ, ಗುತ್ತಿಗೆದಾರರಿದ್ದೀರಿ, ಪಂಚಾಯತಿ ಸದಸ್ಯರೂ ಇದ್ದೀರಿ. ಶಾಸನ ಬರೆಸಿದವರು ಬಿರುಕು ಬರುತ್ತದೆಂಬುದನ್ನು ಮುಚ್ಚಿಡಲಿಲ್ಲ. ಅದನ್ನು ಕಲ್ಲಿನಲ್ಲೇ ಬರೆಸಿ ವೆಚ್ಚದ ದಾರಿಯನ್ನೂ ತೋರಿಸಿದರು. ನೀವು ಸಹಿ ಹಾಕುವ ಅಳತೆ ಪುಸ್ತಕವೂ ಒಂದು ಶಾಸನವೇ. ಅದರಲ್ಲಿ ಬಿರುಕು ಬಿರುಕೆಂದೇ ದಾಖಲಾಗಲಿ.