ಎಂ.ಆರ್.ಎಸ್. ರಾವ್: ಮಿದುಳಿನ ಗಡ್ಡೆಯ ಜೀನ್ ನಕ್ಷೆ

ಮೈಸೂರಿನಲ್ಲಿ ಹುಟ್ಟಿದ ಜೀವರಸಾಯನ ವಿಜ್ಞಾನಿ ಎಂ.ಆರ್.ಎಸ್. ರಾವ್ (1948–2023) ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಪ್ರೋಟೀನ್ ಸೇರಿದ ಎಳೆ) ಅಧ್ಯಯನದಿಂದ ಕ್ಯಾನ್ಸರ್ ಜೀನೋಮಿಕ್ಸ್‌ಗೆ ಬಂದವರು. ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್ ತಂಡಗಳ ಜೊತೆ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆಯಲ್ಲಿ ಯಾವ ಜೀನ್‌ಗಳು ಚುರುಕಾಗಿವೆ ಎಂದು ಹುಡುಕಿದರು. ಇಂಥ ಹುಡುಕಾಟದ ಫಲಿತಾಂಶವನ್ನು ಬಣ್ಣದ ನಕ್ಷೆಯಾಗಿ ತೋರಿಸುತ್ತಾರೆ: ಪ್ರತಿ ಅಡ್ಡಸಾಲು ಒಂದು ಜೀನ್, ಪ್ರತಿ ಕಂಬಸಾಲು ಒಬ್ಬ ರೋಗಿಯ ಗಡ್ಡೆ. ಕೆಂಪು ಎಂದರೆ ಚುರುಕು, ಹಸಿರು ಎಂದರೆ ಮಂದ. ರೋಗದ ಹೆಸರು ಒಂದೇ ಆದರೂ ಕಂಬದಿಂದ ಕಂಬಕ್ಕೆ ಬಣ್ಣ ಬದಲಾಗುತ್ತದೆ.

ಬೆಂಗಳೂರಿನ ಈ ಸಂಶೋಧನೆಯಿಂದ ದಾವಣಗೆರೆ, ಹರಿಹರದ ರೋಗಿಗೇನು ಲಾಭ ಎಂದು ಕೇಳಬಹುದು. ಜೀನ್ ಹುಡುಕಲು ದುಬಾರಿ ಯಂತ್ರ ಬೇಕು, ನಿಜ. ಆದರೆ ರೋಗದ ಗುರುತಾಗುವ ಜೀನ್ ಯಾವುದೆಂದು ಖಚಿತವಾದ ಮೇಲೆ ಅದರ ಪ್ರೋಟೀನನ್ನು ಗಡ್ಡೆಯ ತುಣುಕಿಗೆ ಬಣ್ಣ ಹಾಕಿಯೇ ಪತ್ತೆಮಾಡಬಹುದು. ಅದಕ್ಕೆ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯ ಸಾಕು. ದಾವಣಗೆರೆಯಲ್ಲಿ ಅಂಥ ಕಾಲೇಜು 1965ರಿಂದಲೇ ಇದೆ.

ರಾವ್ ಅವರಿಗೆ 2010ರಲ್ಲಿ ಪದ್ಮಶ್ರೀ ಸಂದಿತು.